ಈ ಮನೆಗೆ ಅರ್ಥ ಇಲ್ಲ

"ಯಾರ್ರೀ ಈ ವೈರ್ ಎಳೆದಿದ್ದು? ಸಾಯ್ಬೇಕು ಅಂತ ಏನಾದ್ರೂ ಆಸೆ ಇದೆಯಾ ಈ ಮನೇಲಿ?"

ಹೊರಗಿನ ಆ ಕೂಗಿಗೆ ಅವಳ ಕೈಯಲ್ಲಿದ್ದ ತಟ್ಟೆ ಜಾರಿ ನೆಲಕ್ಕೆ ಬಿತ್ತು.

ಓಡಿ ಬಂದು ನೋಡಿದರೆ... ಅಡುಗೆಮನೆ ಕಿಟಕಿಯ ಕೆಳಗೆ ಒಬ್ಬ ಗಂಡಸು. ನಲವತ್ತರ ಆಸುಪಾಸು. ಜೇಬಿನಲ್ಲಿ ಟೆಸ್ಟರ್, ಮುಖದಲ್ಲಿ ಕೆಂಡ. ಅವಳ ಕಾರು ಚಾರ್ಜ್ ಆಗುತ್ತಿದ್ದ ವೈರನ್ನು ಕಿತ್ತು, ಹಾವು ಹಿಡಿದಂತೆ ಹಿಡಿದು ನಿಂತಿದ್ದ.

"ನನ್ನ ಮನೆ ವೈರ್ ಕೀಳೋಕೆ ನೀವ್ಯಾರು?"

"ಚಾರ್ಜರ್ ಅಂಗಡಿಯಿಂದ ಬಂದಿದೀನಿ. ನಮ್ಮ ಕಾರಿಗೆ ಯಾವ ಚಾರ್ಜರ್ ಸರಿ, ಮನೆ ನೋಡಿ ಹೇಳಿ ಅಂತ ಫೋನ್ ಮಾಡಿದ್ದು ನೀವೇ ತಾನೇ? ನೋಡ್ದೆ. ಮಿಕ್ಸಿ ಪ್ಲಗ್ಗಿಂದ ಕಾರು ಚಾರ್ಜ್ ಮಾಡ್ತಿದೀರಿ! ಇದೇನಿದು?"

ಅವನ ಅಂಗೈಯಲ್ಲಿ ಹೆಬ್ಬೆರಳಿನಷ್ಟು ಕಪ್ಪು ಪಿನ್ ಇತ್ತು.

"ಪೇಟೇಲಿ ಕೊಟ್ರು. ಕಾರಿನ ಜೊತೆ ಬಂದ ಚಾರ್ಜರ್ ಡಬ್ಬೀಲಿ ಕೆಂಪು ದೀಪ ಮಿಟುಕ್ತಾನೇ ಇತ್ತು, ಚಾರ್ಜೇ ಆಗ್ತಿರ್ಲಿಲ್ಲ. ಇದನ್ನ ಸಿಕ್ಕಿಸಿದ್ರೆ ದೀಪ ಆರುತ್ತೆ ಅಂದ್ರು. ಆರ್ತು."

"ಮಗು ಅಳ್ತಿದೆ ಅಂತ ಬಾಯಿಗೆ ಬಟ್ಟೆ ತುರುಕಿದ ಹಾಗಾಯ್ತು! ಆ ದೀಪ ನಿಮ್ಮನ್ನ ಉಳಿಸೋಕೇ ಮಿಟುಕ್ತಾ ಇದ್ದಿದ್ದು. ಇದನ್ನ ವಾಪಸ್ ಕೊಡಲ್ಲ. ಬೇಕಾದ್ರೆ ಕಳ್ಳ ಅಂತ ಕೂಗಿ."

ಪಿನ್ ಅವನ ಜೇಬು ಸೇರಿತು. ಅಂಥದ್ದನ್ನು ಮಾರುವವರಿಗೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಆದರೆ ಬೈಸಿಕೊಳ್ಳುವುದು ಯಾವಾಗಲೂ ಕೊಂಡವರೇ.

ಅವಳ ಕಣ್ಣು ತುಂಬಿತು. ಆದರೂ ದನಿ ಏರಲಿಲ್ಲ.

"ಏನು ಬೇಕಾದ್ರೂ ಬೈರಿ. ಸಾಯೋ ಮಾತು ಮಾತ್ರ ಆಡ್ಬೇಡಿ. ಈ ಮನೇಲಿ ಒಂದು ಸಾವು ಆಗಿದೆ... ಸಾಕು."

ಅವನ ಕೈಯಲ್ಲಿದ್ದ ವೈರು ಮೆಲ್ಲಗೆ ಕೆಳಗಿಳಿಯಿತು. ತಲೆಯೂ ತಗ್ಗಿತು.

ಆಗ ಬಾಗಿಲಲ್ಲಿ ಅವಳ ಅತ್ತೆ ಕಾಣಿಸಿಕೊಂಡರು. "ಜಗಳ ಮುಗೀತಾ? ಮುಗಿದಿದ್ರೆ ಒಳಗೆ ಬಂದು ಟೀ ಕುಡಿ, ಟೆಸ್ಟರಪ್ಪ. ಆರಿ ಹೋದ್ರೆ ಅದಕ್ಕೂ ಕೂಗಾಡ್ತೀಯ."

ಅಂದಿನಿಂದ ಅವನ ಹೆಸರು ಅದೇ ಆಯಿತು. ಟೆಸ್ಟರಪ್ಪ.

* * *

ಅವಳ ಕೆಲಸ ಮನೆಮನೆಗೆ ಹೋಗಿ ಬಿದ್ದವರನ್ನು ನಡೆಸುವುದು. ಸೊಂಟ ಮುರಿದವರು, ಪಾರ್ಶ್ವವಾಯು ಬಡಿದವರು, ಹಾಸಿಗೆ ಬಿಟ್ಟು ಏಳಲು ಹೆದರುವವರು. ಎಲ್ಲರೂ ಅವಳನ್ನು 'ಡಾಕ್ಟ್ರಮ್ಮ' ಎನ್ನುತ್ತಿದ್ದರು. ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ ಅವಳೂ ಬಿಟ್ಟಿದ್ದಳು.

ಅದಕ್ಕಾಗಿಯೇ ಯಾರೋ ಓಡಿಸಿ ಮಾರಿದ ಪುಟ್ಟ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡಿದ್ದಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಒಂದಕ್ಕೆ ಮನೆ. ಮತ್ತೆ ನಾಲ್ಕಕ್ಕೆ ಹೊರಟರೆ ಕತ್ತಲಾದ ಮೇಲೆ.

ಆ ನಡುವಿನ ಮೂರು ಗಂಟೆ ಅತ್ತೆ ಸೊಸೆಯದು. ಉಣ್ಣುವುದು, ಅಡ್ಡಾಗುವುದು, ಹಾಳು ಹರಟೆ.

ಗಂಡ ಹೋಗಿ ನಾಲ್ಕು ವರ್ಷ. ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮನೆಗೆ ಬಂದದ್ದು ಮಲಗಿಕೊಂಡೇ. ಅವತ್ತಿನಿಂದ ಆ ಮನೆಯಲ್ಲಿ ಉಳಿದದ್ದು ಅವನ ತಾಯಿ ಮತ್ತು ಅವನ ಹೆಂಡತಿ. ಒಬ್ಬರಿಗೊಬ್ಬರು ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಉಳಿದರು, ಅಷ್ಟೇ.

ಜಗಳದ ಆ ದಿನ ಟೀ ಕುಡಿಯುತ್ತಾ ಟೆಸ್ಟರಪ್ಪ ಕೇಳಿದ. "ದಿನಕ್ಕೆ ಎಷ್ಟು ಓಡಿಸ್ತೀರಿ ಮೇಡಂ?"

"ಒಂದೊಂದು ದಿನ ನೂರು ಕಿಲೋಮೀಟರ್ ದಾಟುತ್ತೆ. ಸಂಜೆ ಹೊತ್ತಿಗೆ ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸ್ತೀನಿ."

"ಹಾಗಿದ್ರೆ ಕೈಲಿ ಒಯ್ಯೋ ಚಾರ್ಜರ್ ಒಂದೇ ಸಾಲಲ್ಲ. ಅದು ಇಡೀ ರಾತ್ರಿ ಕೇಳುತ್ತೆ. ಗೋಡೆಗೆ ಕೂರಿಸೋದಾದ್ರೆ ನೀವು ಮಧ್ಯಾಹ್ನ ಊಟ ಮಾಡಿ ಏಳೋದ್ರೊಳಗೆ ಸಂಜೆಗೆ ಧಾರಾಳ ಆಗುತ್ತೆ. ಒಯ್ಯೋದು ಕೊಡೆ ಇದ್ದ ಹಾಗೆ, ಗೋಡೇದು ಸೂರು ಇದ್ದ ಹಾಗೆ. ಕೊಡೆ ಇದೆ ಅಂತ ಯಾರಾದ್ರೂ ಸೂರು ಬಿಡ್ತಾರಾ?"

"ಹಾಗಿದ್ರೆ ಸೂರೇ ಹಾಕಪ್ಪ," ಎಂದರು ಅತ್ತೆ.

"ಅದಕ್ಕೆ ಬೇರೆ ಲೈನ್ ಎಳೀಬೇಕು, ಗೋಡೆ ಕೊರೀಬೇಕು. ಇಲ್ಲೇ ಇರ್ತೀವಿ ಅನ್ನೋರು ಮಾತ್ರ ಹಾಕಿಸ್ಬೇಕಮ್ಮ. ನಾಳೆ ಬಿಟ್ಟು ಹೋಗೋರಿಗೆ ಒಯ್ಯೋದೇ ಸರಿ."

ಇಬ್ಬರು ಹೆಂಗಸರೂ ಟೀ ಲೋಟದೊಳಗೆ ಕಣ್ಣು ನೆಟ್ಟರು.

ಯಾಕೆಂದರೆ ಹೋದ ಭಾನುವಾರವಷ್ಟೇ ನಾದಿನಿ ಬಂದು ಹೋಗಿದ್ದಳು. ಅವಳು ಕೆಟ್ಟವಳಲ್ಲ. ಒಳ್ಳೆಯ ಮಾತನ್ನೇ ಇರಿಯುವಂತೆ ಆಡುವವಳು.

"ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ ಅತ್ತಿಗೆ. ಮನೆ ಬಾಡಿಗೆಗೆ ಕೊಡೋಣ. ನೀವು ಯಾವುದಾದ್ರೂ ಹಾಸ್ಟೆಲ್ ನೋಡ್ಕೊಳ್ಳಿ. ಮಧ್ಯದ ಕೊಂಡಿ ಅಣ್ಣ. ಅವನೇ ಕಳಚಿ ಹೋದ. ನಿಮಗೂ ಅಮ್ಮನಿಗೂ ಇನ್ನೇನು ಸಂಬಂಧ? ಈ ಮನೆಗೆ ಇನ್ನೇನು ಅರ್ಥ ಇದೆ ಹೇಳಿ?"

ತಿಂಗಳ ಕೊನೆಯ ಭಾನುವಾರ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಹೋಗಿದ್ದಳು. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. 'ಸೊಸೆಗೆ ನಾನು ಭಾರವಾಗಿದ್ದರೆ?' ಎಂದು ಅತ್ತೆಗೆ. 'ಮಗಳ ಮನೆ ಇರುವಾಗ ನನ್ನ ಜೊತೆ ಯಾಕೆ ಕೊಳೆಯಬೇಕು?' ಎಂದು ಸೊಸೆಗೆ. ಇಬ್ಬರೂ ಬಾಯಿ ಬಿಡುವವರಲ್ಲ!

ಗೋಡೆಗೋ, ಕೈಗೋ? ಅಂಗಡಿಯವನಿಗೆ ಅದು ಚಾರ್ಜರ್ ಮಾತು. ಅವಳಿಗೆ ಅದು ಬಾಳಿನ ಮಾತಾಗಿತ್ತು.

ಟೆಸ್ಟರಪ್ಪ ಎದ್ದು ನಿಂತ. "ಇನ್ನೊಂದು ವಿಷಯ. ಆ ಕೆಂಪು ದೀಪ ಹೇಳಿದ್ದು ಏನಂದ್ರೆ, ಈ ಪ್ಲಗ್ಗಿಗೆ ನೆಲದ ತಂತಿ ಇಲ್ಲ. ಕರೆಂಟು ದಾರಿ ತಪ್ಪಿದ್ರೆ ಮಣ್ಣಿಗೆ ಇಳೀಬೇಕು. ತಂತಿ ಇಲ್ಲ ಅಂದ್ರೆ ಮುಟ್ಟಿದವರ ಮೈಯೊಳಗಿಂದ ಇಳಿಯುತ್ತೆ. ಇಡೀ ಮನೆಗೇ ಇಲ್ವೋ ಏನೋ, ಆಮೇಲೆ ಬಂದು ನೋಡ್ತೀನಿ. ಅಲ್ಲಿವರೆಗೆ ನಮ್ಮ ಅಂಗಡಿ ಮುಂದೆ ಚಾರ್ಜ್ ಮಾಡ್ಕೊಳ್ಳಿ."

ಅಂಗಡಿಯಲ್ಲಿ ಅವನ ಮಾತೇ ಬೇರೆ. ಆದರೆ ಅತ್ತೆಗೆ ತಿಳಿಯಲೆಂದು ಆ ಮನೆಯಲ್ಲಿ ಎಲ್ಲಕ್ಕೂ ಮನೆಮಾತು ಬಳಸುತ್ತಿದ್ದ. ನೆಲದ ತಂತಿ. ಮಣ್ಣಿನ ತಂತಿ. ಆ ಒಳ್ಳೆಯತನವೇ ಮುಂದೆ ಮುಳುವಾಯಿತು!

* * *

ಹತ್ತು ಮಧ್ಯಾಹ್ನಗಳು.

ಅಂಗಡಿಯ ಮುಂಗೋಡೆಯ ಮೇಲೆ ನಾಲ್ಕು ಬಗೆಯ ಚಾರ್ಜರುಗಳು ಮೊಲದ ಕಿವಿಯಂತೆ ವೈರು ಇಳಿಬಿಟ್ಟು ತೂಗುತ್ತಿದ್ದವು. ಕೆಳಗೆ ಅವಳ ಕಾರು. ಪಕ್ಕದಲ್ಲಿ ಎರಡು ಸ್ಟೂಲು, ಊಟದ ಡಬ್ಬಿ. ಅತ್ತೆಯೂ ಜೊತೆಗೆ.

"ನೀವ್ಯಾಕೆ ಬಿಸಿಲಲ್ಲಿ ಬರ್ತೀರಿ ಅತ್ತೆ?"

"ಕಾರಿಗೆ ಕರೆಂಟ್ ಬೇಕು, ನನಗೆ ಗಾಳಿ ಬೇಕು. ನಡಿಯೇ."

ಅವನು ಚಾರ್ಜರುಗಳನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದ. "ಇದರ ವೈರು ಗಿಡ್ಡ, ನಿಮ್ಮ ಗೇಟಿನ ತನಕ ಬರಲ್ಲ. ಇದು ಮಳೆ ತಡೆಯಲ್ಲ. ಇದರ ಡಬ್ಬಿ ಪ್ಲಗ್ಗಿಗೆ ನೇತಾಡಿ ಪ್ಲಗ್ಗೇ ಕಿತ್ಕೊಂಡು ಬರುತ್ತೆ. ಮಾರಾಟ ಮಾಡೋರು ಹೇಳಲ್ಲ ಇದನ್ನೆಲ್ಲ."

"ನೀವೂ ಮಾರಾಟ ಮಾಡೋರೇ ಅಲ್ವಾ?"

"ಅದಕ್ಕೇ ಮಾಲೀಕರು ನನ್ನನ್ನ ಒಳಗೆ ಕೂರಿಸಲ್ಲ, ಹೊರಗೇ ಇಟ್ಟಿದಾರೆ."

ಅವಳು ನಕ್ಕಳು. ನಕ್ಕ ಮೇಲೆ ಬೆಚ್ಚಿದಳು. ತನ್ನ ನಗು ತನಗೇ ಗುರುತು ಹತ್ತಲಿಲ್ಲ...

ಏಳನೆಯ ದಿನ ಕೇಳಿಯೇಬಿಟ್ಟಳು. "ಅವತ್ತು ಯಾಕೆ ಅಷ್ಟೊಂದು ಸಿಟ್ಟು ಬಂತು?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಮ್ಮಮ್ಮ ಬಟ್ಟೆ ಒಗೆಯೋ ಮೆಷಿನ್ ಮುಟ್ಟಿ ಹೋದ್ರು. ಆ ಮನೆಗೆ ನೆಲದ ತಂತಿ ಇರ್ಲಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಮನೇಲಿ ಎಲೆಕ್ಟ್ರಿಷಿಯನ್ ಇದ್ದ ಮೇಡಂ. ನಾನೇ. ನಾಳೆ ಮಾಡ್ತೀನಿ ನಾಳೆ ಮಾಡ್ತೀನಿ ಅಂತ ಎರಡು ವರ್ಷ ಅಂದಿದ್ದೆ."

ಅವಳು ತನ್ನ ಡಬ್ಬಿಯ ಮುಚ್ಚಳದಲ್ಲಿ ಅವನಿಗೂ ಊಟ ಬಡಿಸಿ ಕೈಗಿಟ್ಟಳು. ಅವನು ಒಂದಗುಳೂ ಬಿಡದೆ ಉಂಡ.

'ಇವನ ಎದುರು ಅಳಬಹುದು' ಎನ್ನಿಸಿತು ಅವಳಿಗೆ. ನಾಲ್ಕು ವರ್ಷದಲ್ಲಿ ಯಾರ ಎದುರೂ ಹಾಗೆ ಅನ್ನಿಸಿರಲಿಲ್ಲ.

ಹತ್ತನೆಯ ದಿನ ಅತ್ತೆ ಕಾರಿನಲ್ಲೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಕನ್ನಡಕ ಜಾರಿತ್ತು. ಅವಳು ಒಳಗೆ ಕೈ ಚಾಚಿ ಕನ್ನಡಕವನ್ನು ಮೆಲ್ಲಗೆ ಸರಿಪಡಿಸಿದಳು. ಅವನ ಕಡೆ ತಿರುಗಿ ತಡವರಿಸುತ್ತಾ ಕೇಳಿದಳು.

"ನೀವು ನಮ್ಮ ಮನೆ ನೋಡಿದೀರಿ... ನಮ್ಮಿಬ್ಬರನ್ನೂ ನೋಡಿದೀರಿ. ಒಂದು ನಿಜ ಹೇಳ್ತೀರಾ? ಈ ಮನೆಗೆ ಇನ್ನೂ ಅರ್ಥ ಇದೆಯಾ?"

ಅವನ ಮುಖ ಹೊಳೆಯಿತು. ಆ ಹೊಳಪು ಅವಳಿಗೆ ಹೊಸದು.

"ಎಂಥ ಮಾತು ಕೇಳಿದ್ರಿ ಮೇಡಂ! ಇದನ್ನ ಬಾಯಿ ಮಾತಲ್ಲಿ ಹೇಳಬಾರದು. ನಾಳೆ ಬಂದು ಸರಿಯಾಗಿ ನೋಡಿ, ಬರೆದು ಕೊಡ್ತೀನಿ."

'ಬರೆದು ಕೊಡುತ್ತಾನಂತೆ...' ಅವತ್ತು ರೋಗಿಗಳ ಮನೆಗಳಲ್ಲಿ ವ್ಯಾಯಾಮ ಮಾಡಿಸುವಾಗ ಅವಳು ಎರಡೆರಡು ಸಲ ಎಣಿಕೆ ತಪ್ಪಿದಳು.

* * *

ಮರುದಿನ ಅತ್ತೆ ಪಕ್ಕದ ಮನೆಯವರ ಜೊತೆ ಕಣ್ಣಿನ ತಪಾಸಣೆಗೆ ಹೋಗಿದ್ದರು. ಅವಳು ಒಂದು ಗಂಟೆಗೆ ಬಂದಾಗ ಹೊರಗೋಡೆಯ ಮೀಟರ್ ಡಬ್ಬಿಗೆ ಒಂದು ಕಾಗದ ಸಿಕ್ಕಿಸಿತ್ತು. ಅಲ್ಲೇ ನಿಂತು ಬಿಡಿಸಿದಳು.

"ಪರೀಕ್ಷೆ ಮಾಡಿದೆ. ಈ ಮನೆಗೆ ಅರ್ಥ ಇಲ್ಲ. ಹೆಸರಿಗೆ ಇದ್ದದ್ದೂ ಒಣಗಿ ಹೋಗಿದೆ. ಗೋಡೆಗೆ ಏನೂ ಹಾಕಿಸಬೇಡಿ. ಉಳಿದದ್ದು ಎದುರಿಗೆ ಹೇಳುತ್ತೇನೆ."

ಓದಿದಳು. ಮತ್ತೆ ಓದಿದಳು.

ನಾದಿನಿಯ ಮಾತು. ಅಕ್ಷರ ಅಕ್ಷರ ಅದೇ ಮಾತು!... ಅವನ ಕೈಬರಹದಲ್ಲಿ.

ಮೆಟ್ಟಿಲ ಮೇಲೆ ಕೂತಳು. ನಾದಿನಿ ಅಂದಾಗ ಸಿಟ್ಟಾದರೂ ಬಂದಿತ್ತು. ಈಗ ಅದೂ ಬರಲಿಲ್ಲ. ಎಲ್ಲವನ್ನೂ ನೋಡಿದವನೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಒಣಗಿ ಹೋಗಿದೆಯಂತೆ. ಹೆಸರಿಗೆ ಇತ್ತಂತೆ...

ಫೋನು ತೆಗೆದು ಬರೆದಳು: "ಅರ್ಥ ಆಯ್ತು. ಇನ್ನು ನೀವು ಬರುವುದು ಬೇಡ."

ಅವನ ನಂಬರಿನ ಕರೆ ಬರದಂತೆ ಮಾಡಿದಳು. ಕಾಗದವನ್ನು ಕಾರಿನ ಡಬ್ಬಿಯೊಳಗೆ ತುರುಕಿದಳು. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಆ ಮುದುಕಿ ಅರ್ಧ ನಿಮಿಷದಲ್ಲಿ ಬಿಡಿಸುತ್ತಿದ್ದ ಗಂಟು ಅದು. ನೋವನ್ನು ಒಬ್ಬರೇ ನುಂಗುವವರ ಹಣೆಬರಹವೇ ಇಷ್ಟು.

ಆಮೇಲಿನ ದಿನಗಳಿಗೆ ಬಣ್ಣವೇ ಇರಲಿಲ್ಲ. ಮಧ್ಯಾಹ್ನ ಮನೆಗೆ ಬರುವುದನ್ನು ನಿಲ್ಲಿಸಿದಳು. ಹೆದ್ದಾರಿ ಪಕ್ಕದ ಚಾರ್ಜಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು ತಣ್ಣಗಿನ ಡಬ್ಬಿ ಬಿಚ್ಚುತ್ತಿದ್ದಳು. ಎದುರಿಗೆ ಸಿಮೆಂಟು ಗೋಡೆ. ಎರಡು ತುತ್ತು ಇಳಿದರೆ ಹೆಚ್ಚು.

ಮನೆಯಲ್ಲಿ ಅತ್ತೆಯೂ ಒಬ್ಬರೇ ಉಣ್ಣುತ್ತಿದ್ದರು. ಒಂದು ದಿನ ಅಟ್ಟದಿಂದ ಟ್ರಂಕು ಇಳಿಸಿದರು. ಸೊಸೆ ನೋಡಿದಳು. ಕೇಳಲಿಲ್ಲ. ಸೊಸೆ ಹಾಸ್ಟೆಲಿಗೆ ಫೋನ್ ಮಾಡಿದ್ದು ಅತ್ತೆಯ ಕಿವಿಗೂ ಬಿತ್ತು. ಅವರೂ ಕೇಳಲಿಲ್ಲ.

ಒಂದೇ ಸೂರಿನ ಕೆಳಗೆ ಇಬ್ಬರು, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡಲು ಸಿದ್ಧರಾಗಿ ಕೂತಿದ್ದರು.

* * *

ಕೊನೆಯ ಭಾನುವಾರದ ಹಿಂದಿನ ದಿನ. ಶನಿವಾರ, ಮಧ್ಯಾಹ್ನ ಎರಡು ಗಂಟೆ. ಸಾಮಾನು ಕಟ್ಟಲೆಂದು ಅವಳು ಅಂದು ಮನೆಗೆ ಬಂದಿದ್ದಳು.

ಗೇಟು ಧಡಾರೆಂದಿತು.

"ಯಾವ ಕಳ್ಳ ಮಾಡಿದ್ದು ಈ ಮನೆ ಕೆಲಸ? ಹೆಸರು ಹೇಳಿ ಮೊದ್ಲು!"

ಅವನೇ! ಗಡ್ಡ ಬೆಳೆದಿತ್ತು. ಕಣ್ಣು ಗುಳಿ ಬಿದ್ದಿತ್ತು. ಕೈಯಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಬಲ್ಬು, ಅದರಿಂದ ಇಳಿಬಿದ್ದ ಎರಡು ವೈರು.

"ಬರಬೇಡಿ ಅಂದಿದ್ನಲ್ಲ," ಎಂದಳು ಗೋಡೆ ಹಿಡಿದುಕೊಂಡು.

"ಬರ್ತಿರ್ಲಿಲ್ಲ! ಬೇರೆಯವರ ಕೈಲಿ ಮಾಡಿಸಿಕೊಂಡ್ರಿ, ಸರಿ, ನನ್ನ ಕೈ ಕೆಲಸ ಬೇಡ ಆಯ್ತು ಅಂತ ಸುಮ್ಮನಿದ್ದೆ. ಅಮ್ಮ ಈಗ ಫೋನ್ ಮಾಡಿದ್ರು, ಫ್ರಿಜ್ ಮುಟ್ಟಿದ್ರೆ ಕೈ ಜುಮ್ಮೆನ್ನುತ್ತೆ ಅಂತ. ಜುಮ್ಮೆನ್ನುತ್ತೆ! ಗೊತ್ತಾ ನಿಮಗೆ, ನಮ್ಮಮ್ಮನೂ ಮೊದಲು ಹಾಗೇ..." ಅವನ ದನಿ ಒಡೆಯಿತು.

"ಬೇರೆಯವರ ಕೈಲಿ ಏನು ಮಾಡಿಸ್ಕೊಂಡೆ ನಾನು?"

"ಅರ್ಥ ಆಯ್ತು ಅಂತ ನೀವೇ ಬರೆದ್ರಲ್ಲ!"

"ಅರ್ಥ ಇಲ್ಲ ಅಂತ ನೀವು ಬರೆದ್ರಲ್ಲ!" ಅವಳೂ ಕಿರುಚಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಇಲ್ಲ! ಇಲ್ಲದ್ದನ್ನ ಇಲ್ಲ ಅಂತಾನೇ ಬರೀಬೇಕು! ಬನ್ನಿ ಇಲ್ಲಿ."

ಅವಳನ್ನು ಅಡುಗೆಮನೆಗೆ ಕರೆದೊಯ್ದು ಬಲ್ಬಿನ ಎರಡು ವೈರನ್ನು ಪ್ಲಗ್ಗಿನ ಕೆಳಗಿನ ಎರಡು ತೂತಿಗೆ ಇಟ್ಟ. ಬಲ್ಬು ಭಗ್ಗೆಂದು ಹೊತ್ತಿತು. ಒಂದು ವೈರನ್ನು ತೆಗೆದು ಮೇಲಿನ ದೊಡ್ಡ ತೂತಿಗೆ ಇಟ್ಟ.

ಬಲ್ಬು ಸತ್ತಂತಿತ್ತು.

"ನೋಡಿದ್ರಾ? ಇದೇ ನೆಲದ ತಂತಿಯ ತೂತು. ಅರ್ಥ್ ಇಲ್ಲ! ಈ ಮನೆಗೆ ಅರ್ಥ್ ಇಲ್ಲ!"

ಅವಳು ಬಲ್ಬಿನಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಏನಂದ್ರಿ...? ಇನ್ನೊಂದು ಸಲ ಹೇಳಿ."

"ಅರ್ಥ್. ನೆಲದ ತಂತಿಗೆ ನಾವು ಅನ್ನೋದೇ ಹಾಗೆ. ಅರ್ಥ್."

ಅವಳು ಕಾರಿಗೆ ಓಡಿದಳು. ಮುದುಡಿದ ಕಾಗದ ತಂದು ಅವನ ಮುಂದೆ ಹಿಡಿದಳು. ಆ ಒಂದು ಪದದ ಮೇಲೆ ಬೆರಳಿಟ್ಟಳು.

ಅವನು ಓದಿದ. ತುಟಿ ಅಲುಗಿಸುತ್ತಾ ಮತ್ತೊಮ್ಮೆ ಓದಿದ. ಥ ಅಕ್ಷರದ ತಲೆಗೆ ಒಂದು ಸಣ್ಣ ಕೊಂಡಿ ಇರಬೇಕಿತ್ತು. ಇರಲಿಲ್ಲ.

"ಅಯ್ಯೋ..." ಎಂದ. ಗೋಡೆಗೆ ಒರಗಿದ. "ಹಾಗಿದ್ರೆ ಅವತ್ತು ನೀವು ಕೇಳಿದ್ದು..."

"ಅರ್ಥ. ಬಾಳಿನ ಅರ್ಥ."

"ನಾನು ಅರ್ಥ್ ಅಂದ್ಕೊಂಡೆ ಮೇಡಂ! ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿನೂ ತಾನಾಗಿ ಅದನ್ನ ಕೇಳಿಲ್ಲ. ನೀವು ಕೇಳಿದ್ರಿ. ಅವತ್ತು ಎಷ್ಟು ಖುಷಿಯಾಯ್ತು ಗೊತ್ತಾ? ನಮ್ಮಮ್ಮನಿಗೆ ಹೇಳಬೇಕು ಅನ್ನಿಸ್ತು..."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು. ಯಾವುದು ಯಾವುದೆಂದು ತಿಳಿಯದೆ ಮುಖ ಮುಚ್ಚಿಕೊಂಡಳು.

"ಒಣಗಿ ಹೋಗಿದೆ ಅಂತ ಯಾಕೆ ಬರೆದ್ರಿ?"

"ಹಿತ್ತಲ ಮೂಲೇಲಿ ಹಳೇ ಅರ್ಥ್ ಗುಂಡಿ ಇದೆ. ಅದರ ಮಣ್ಣು ತೇವ ಇದ್ರೆ ಮಾತ್ರ ಕೆಲಸ ಮಾಡೋದು. ಯಾರೋ ನೀರು ಹಾಕ್ತಿದ್ರು ಅನ್ಸುತ್ತೆ. ಆಮೇಲೆ ನಿಲ್ಲಿಸಿಬಿಟ್ಟಿದಾರೆ. ತಂತಿ ತುಕ್ಕು ಹಿಡಿದು ತುಂಡಾಗಿದೆ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈ ಬಾಗಿಲ ಚೌಕಟ್ಟನ್ನು ತಡಕಿತು.

"ನನ್ನ ಮಗ," ಎಂದರು. "ಗೋಡೆ ಮೂಲೆಗೆ ಬಿಂದಿಗೆ ಬಿಂದಿಗೆ ನೀರು ಹುಯ್ತಿದ್ದ. ಗಿಡ ಇಲ್ಲ ಮರ ಇಲ್ಲ, ಹುಚ್ಚು ಹಿಡಿದಿದೆಯಾ ನಿನಗೆ ಅಂತ ನಾನು ಬೈತಿದ್ದೆ. ಇರಲಿ ಬಿಡಮ್ಮ ಅಂತಿದ್ದ. ಅವನು ಹೋದ ಮೇಲೆ... ನಾಲ್ಕು ವರ್ಷ ಆಯ್ತಲ್ಲೋ, ಯಾರೂ ಹಾಕ್ಲಿಲ್ಲ."

ಸೊಸೆ ಹೋಗಿ ಅವರನ್ನು ಅಪ್ಪಿಕೊಂಡಳು. ಅವನು ಹೋದ ದಿನವೂ ಅವರಿಬ್ಬರು ಹಾಗೆ ಅತ್ತಿರಲಿಲ್ಲ. ಒಬ್ಬರಿಗಾಗಿ ಒಬ್ಬರು ಅಳು ತಡೆದುಕೊಂಡಿದ್ದರು.

ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು. "ಅತ್ತೆ... ಫ್ರಿಜ್ ಯಾವತ್ತಿಂದ ಜುಮ್ಮೆನ್ನುತ್ತೆ?"

"ಎರಡು ವರ್ಷ ಆಯ್ತು." ಸೆರಗಿನಿಂದ ಮೂಗು ಒರೆಸಿಕೊಂಡರು. "ಇವನನ್ನ ಕರೆಸೋಕೆ ಇವತ್ತು ನೆಪ ಬೇಕಿತ್ತು. ನೀನು ಬಾಯಿ ಬಿಡಲ್ಲ, ಅವನು ಫೋನ್ ಮಾಡಲ್ಲ. ನಾನು ಟ್ರಂಕಿನ ಮುಂದೆ ಎಷ್ಟು ದಿನ ಕೂರಲಿ?"

"ಎರಡು ವರ್ಷ!" ಟೆಸ್ಟರಪ್ಪ ತಲೆ ಹಿಡಿದುಕೊಂಡ. "ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನು ಆ ಫ್ರಿಜ್ ಮುಟ್ಟಬೇಡಿ."

ಅತ್ತೆ ಟೀ ಇಡಲು ಒಲೆಯ ಕಡೆ ತಿರುಗಿದರು. ಅವನು ಅವಳ ಕಡೆ ನೋಡದೆ ಹೇಳಿದ.

"ನೀವು ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನಾನು. ಆ ಅರ್ಥ ನೋಡೋಕೆ ಟೆಸ್ಟರ್ ಇಲ್ಲ. ಆದ್ರೆ ಹತ್ತು ಮಧ್ಯಾಹ್ನ ನೋಡಿದೀನಿ. ಡಬ್ಬೀಲಿ ಮೆತ್ತಗಿರೋದನ್ನೆಲ್ಲ ನೀವು ಅಮ್ಮನ ಕಡೆ ಸರಿಸ್ತೀರಿ. ನೀವು ಆ ಕಡೆ ತಿರುಗಿದ ತಕ್ಷಣ ಅಮ್ಮ ಅದನ್ನ ವಾಪಸ್ ನಿಮ್ಮ ಕಡೆ ಸರಿಸ್ತಾರೆ. ನಮ್ಮ ಮನೇಲಿ ಹಾಗೆ ಸರಿಸೋರು ಯಾರೂ ಉಳಿದಿಲ್ಲ. ಇದಕ್ಕಿಂತ ಇನ್ನೇನು ಅರ್ಥ ಬೇಕು?"

* * *

ಭಾನುವಾರ ನಾದಿನಿ ಬಂದಾಗ ಹಿತ್ತಲಲ್ಲಿ ಆಳುದ್ದದ ಗುಂಡಿ. ಅದರೊಳಗಿಂದ ಒಬ್ಬ ಗಂಡಸಿನ ತಲೆ ಮಾತ್ರ ಕಾಣುತ್ತಿತ್ತು.

"ಏನಮ್ಮ ಇದು? ಟ್ರಂಕ್ ಎಲ್ಲಿ?"

"ಅಟ್ಟಕ್ಕೆ ಹೋಯ್ತು. ಗೋಡೆಗೆ ಚಾರ್ಜರ್ ಹಾಕಿಸ್ತಾ ಇದೀವಿ ಕಣೇ, ಕಿತ್ತು ಒಯ್ಯೋಕಾಗಲ್ಲ. ನನ್ನನ್ನೂ ಅಷ್ಟೇ. ನೀನೇ ಬಂದು ಹೋಗು, ಮಗಳಲ್ವಾ? ಇವಳೂ ಮಗಳೇ."

ನಾದಿನಿ ಅತ್ತಿಗೆಯ ಮುಖ ನೋಡಿದಳು. ಕೈಚೀಲ ಕೆಳಗಿಟ್ಟು ಗುಂಡಿಯ ಅಂಚಿಗೆ ಹೋಗಿ ಇಣುಕಿದಳು.

ಹೊಸ ತಂತಿ ಜೋಡಿಸಿ, ಇದ್ದಿಲು, ಉಪ್ಪು, ಮಣ್ಣು ಸೇರಿಸಿ ಗುಂಡಿ ಮುಚ್ಚುವಾಗ ಮೋಡ ಕವಿದಿತ್ತು. ಅವಳು ಬಿಂದಿಗೆ ತಂದಳು. ಗಂಡ ಹಿಡಿಯುತ್ತಿದ್ದ ಅದೇ ಬಿಂದಿಗೆ. ಒಂದು ಗಳಿಗೆ ಅದನ್ನು ಎದೆಗೆ ಒತ್ತಿಕೊಂಡು ನಿಂತಳು. ಟೆಸ್ಟರಪ್ಪ ಕಾದ. ಬೇಗ ಹುಯ್ಯಿ ಎನ್ನಲಿಲ್ಲ, ಕೊಡಿ ಎನ್ನಲಿಲ್ಲ.

ಅವಳು ಹುಯ್ದಳು. ಮಣ್ಣು ಗುಟುಗುಟು ಕುಡಿಯಿತು.

ಅಡುಗೆಮನೆಯಿಂದ ಅತ್ತೆಯ ಕೂಗು. "ಟೆಸ್ಟರಪ್ಪ! ನೀನು ಇಟ್ಟು ಹೋದ ಬಲ್ಬು ಹೊತ್ತಿದೆ ಕಣೋ! ಮೇಲಿನ ತೂತಿನದು!"

ಅವನು ಕೈಯ ಮಣ್ಣು ಒರೆಸಿಕೊಂಡ. "ವಾರಕ್ಕೊಂದು ಸಲ ನೀರು ಹಾಕ್ಬೇಕು ಮೇಡಂ. ಒಣಗೋಕೆ ಬಿಡಬಾರದು."

"ಹಾಕ್ತೀನಿ."

"ನೀವು ಮರೀತೀರಿ."

"ಮರೆಯಲ್ಲ."

ಅವನು ಮಣ್ಣನ್ನು ಕಾಲಿನಿಂದ ಮೆಲ್ಲಗೆ ಸಮ ಮಾಡುತ್ತಾ ಹೇಳಿದ. "ಮರೀಬೇಕು ಅಂತಾನೇ ನನ್ನ ಆಸೆ. ನೀವು ಮರೆತ್ರೆ... ಹಾಕೋಕೆ ನಾನು ಬರ್ಬೋದಲ್ವಾ?"

ಅವಳು ಖಾಲಿ ಬಿಂದಿಗೆಯನ್ನು ಅವನ ಕೈಗೆ ಕೊಟ್ಟಳು. ಅವನ ಬೆರಳು ತಾಗಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ವಾರಕ್ಕೆ ಒಂದೇ ಸಲಾನಾ?"